ಯಾರೂ ಮುಟ್ಟಿ ನೋಡದ ಗಂಟು

ಹೋದ ತಿಂಗಳು ಒಂದು ಮದುವೆಗೆಂದು ರಾಮನಗರದಲ್ಲಿ ಬಸ್ಸಿಳಿದೆ. ಆ ಊರಿಗೆ ಹೊಸ ಹೆಸರು ಬಂದು ವರ್ಷಗಳಾದರೂ ನನ್ನ ಬಾಯಿಗೆ ಅದಿನ್ನೂ ಕ್ಲೋಸ್‌ಪೇಟೆಯೇ. ಛತ್ರಕ್ಕೆ ಹತ್ತಿರದ ದಾರಿ ಎಂದು ಯಾರೋ ತೋರಿಸಿದ ಓಣಿಗೆ ತಿರುಗಿದ್ದೇ ತಡ, ಬೇಯುವ ರೇಷ್ಮೆಗೂಡಿನ ವಾಸನೆ ಮುಖಕ್ಕೆ ಹೊಡೆಯಿತು. ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳುಗಳ ವಾಸನೆ ಅದು. ಕಮಟು ಎಣ್ಣೆ, ಕೊಳೆತ ಮೀನು, ಹಸಿ ಚರ್ಮ ಎಲ್ಲವನ್ನೂ ಕಲಸಿಟ್ಟ ಹಾಗಿರುತ್ತದೆ. ಜೊತೆಯಲ್ಲಿದ್ದ ನನ್ನ ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಬೇಗ ಬನ್ನಿ ಮಾವ ಎಂದಳು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತ್ತು. ಆ ವಾಸನೆಯ ಕೆಳಗೆ ಇನ್ನೊಂದು ವಾಸನೆಯನ್ನು ನನ್ನ ಮೂಗು ತಾನಾಗಿಯೇ ಹುಡುಕುತ್ತಿತ್ತು... ಅದು ಅಲ್ಲಿರಲಿಲ್ಲ. ಇರುವುದು ಸಾಧ್ಯವೂ ಇಲ್ಲ. ಅದು ಸತ್ತು ನಲವತ್ತು ವರ್ಷ ದಾಟಿದ ಒಬ್ಬ ಹೆಂಗಸಿನ ಎದೆಯ ಹುಣ್ಣಿನ ವಾಸನೆ.

ಆಗ ನಾನು ಮಾಗಡಿ ತಾಲ್ಲೂಕಿನ ಒಂದು ಹೋಬಳಿಯ ಡಿಸ್ಪೆನ್ಸರಿಯಲ್ಲಿ ಕಾಂಪೌಂಡರ್ ಆಗಿದ್ದೆ. ಮಹಾರಾಜರ ಕಾಲ. ಇನ್‌ಫ್ಲುಯೆಂಜಾ ಜ್ವರ ಮನೆಮನೆಯನ್ನೂ ಗುಡಿಸಿಕೊಂಡು ಹೋಗಿ ಎರಡು ಮೂರು ವರ್ಷವಾಗಿತ್ತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗಿರುವವರು ಯಾವ ತಪ್ಪನ್ನೂ ಮಾಡಿಲ್ಲ.

ಡಿಸ್ಪೆನ್ಸರಿ ಎಂದರೆ ಎರಡು ಕೋಣೆ, ಒಂದು ಜಗಲಿ. ಕೆಂಪು ಔಷಧಿ, ಬಿಳಿ ಔಷಧಿ, ಕ್ವಿನೈನು, ಟಿಂಚರ್ ಅಯೊಡಿನ್, ಕಾರ್ಬಾಲಿಕ್. ಇವುಗಳ ಯಜಮಾನರು ನಮ್ಮ ಡಾಕ್ಟರು. ಗಂಜಿ ಹಾಕಿದ ಬಿಳಿ ಕೋಟು, ಜೇಬಿನಲ್ಲಿ ಅತ್ತರು ಹಚ್ಚಿದ ಕರವಸ್ತ್ರ. ಅವರು ಹಳ್ಳಿಯ ರೋಗಿಗಳನ್ನು ಮುಟ್ಟುತ್ತಿರಲಿಲ್ಲ. ಮೇಜಿನಿಂದ ಮೂರು ಮಾರು ದೂರದಲ್ಲಿ ನಿಲ್ಲಿಸಿ ನಾಲಿಗೆ ಚಾಚಿಸುವರು. ಗಾಯವಿದ್ದರೆ ರಿಜಿಸ್ಟರಿಗೆ ಗೆರೆ ಹಾಕುವ ಮರದ ರೂಲರಿನಿಂದ ಬಟ್ಟೆ ಸರಿಸಿ ನೋಡುವರು. ನೋಡಿದ ಮೇಲೆ ಆ ರೂಲರನ್ನು ನಾನು ಕಾರ್ಬಾಲಿಕ್ಕಿನಲ್ಲಿ ತೊಳೆದಿಡಬೇಕು. ಮೊದಲ ವಾರ ನನಗೆ ಅದು ವಿಚಿತ್ರವೆನಿಸಿತು. ಎರಡನೆಯ ತಿಂಗಳಿಗೆ ಅಭ್ಯಾಸವಾಗಿಹೋಯಿತು. ಹಾಗೆ ಅಭ್ಯಾಸವಾದದ್ದನ್ನು ನೆನೆದರೆ ಈಗ ಮೈಯೆಲ್ಲ ಹೇಸುತ್ತದೆ.

ಡಿಸ್ಪೆನ್ಸರಿಯ ಹಿಂದಿನ ಓಣಿಯಲ್ಲಿ ಐದಾರು ಮನೆಗಳವರು ರೇಷ್ಮೆ ನೂಲು ತೆಗೆಯುತ್ತಿದ್ದರು. ಮೊದಲನೆಯ ಮನೆ ಆಕೆಯದು. ಊರವರೆಲ್ಲ ಆಕೆಯನ್ನು ಚರಕದ ಬೀಬಮ್ಮ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಗಂಡ ಇನ್‌ಫ್ಲುಯೆಂಜಾದಲ್ಲಿ ಹೋಗಿದ್ದ. ಒಬ್ಬಳೇ ಮಗಳನ್ನು ಚನ್ನಪಟ್ಟಣದ ಬೊಂಬೆ ಕೆಲಸದವರ ಮನೆಗೆ ಕೊಟ್ಟಿತ್ತು. ಆಳುಗಳಿಲ್ಲದೆ ಒಂಟಿಯಾಗಿ ಒಲೆ ಉರಿಸಿ, ಕುದಿಯುವ ನೀರಿನಲ್ಲಿ ಬರಿಗೈ ಅದ್ದಿ, ಗೂಡಿನ ಎಳೆಯ ತುದಿ ಹುಡುಕಿ ಚರಕಕ್ಕೆ ಏರಿಸುತ್ತಿದ್ದಳು. ಎತ್ತರದ ಆಳು. ಬೆರಳುಗಳು ಬೆಂದು ಬೆಂದು ಬೆಳ್ಳಗೆ ಸುಕ್ಕಾಗಿದ್ದವು. ಹಸಿ ಗೂಡು ತಂದು ತೂಕ ಹೆಚ್ಚಿಸಲು ನೋಡುವ ರೈತರನ್ನು ಆಕೆ ಬಯ್ಯುವ ದನಿ ನಮ್ಮ ಔಷಧಿ ಕೋಣೆಯವರೆಗೂ ಕೇಳುತ್ತಿತ್ತು. ಬಯ್ದು ಮುಗಿಸಿ ಅದೇ ರೈತನಿಗೆ ಕುಡಿಯಲು ನೀರು ಕೊಡುವಳು.

ವಾರಕ್ಕೊಮ್ಮೆ ಬೆರಳಿಗೆ ಮುಲಾಮು ಕೇಳಿಕೊಂಡು ಬರುತ್ತಿದ್ದುದರಿಂದ ನನಗೆ ಪರಿಚಯ. ನನಗಾಗ ಮದುವೆಯಾಗಿರಲಿಲ್ಲ. ಊಟ ಮಾಡಿದ್ಯಾ ಬೇಟಾ ಎಂದು ಆ ಊರಿನಲ್ಲಿ ನನ್ನನ್ನು ಕೇಳುತ್ತಿದ್ದವಳು ಆಕೆಯೊಬ್ಬಳೇ.

ಒಂದು ಬೆಳಿಗ್ಗೆ ಮುಲಾಮು ತೆಗೆದುಕೊಂಡ ಮೇಲೂ ಹೋಗದೆ ನಿಂತಳು. ಎಡ ಎದೆಯಲ್ಲಿ ಒಂದು ಗಂಟು ಎಂದಳು. ರಂಜಾನ್ ತಿಂಗಳಲ್ಲಿ ಹುಣಸೆಬೀಜದಷ್ಟಿತ್ತು, ಈಗ ನೆಲ್ಲಿಕಾಯಷ್ಟಾಗಿದೆ. ನೋವಿಲ್ಲ, ನೋವಿಲ್ಲದ್ದಕ್ಕೇ ಭಯ ಎಂದಳು. ನಾನು ಒಳಗೆ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಪತ್ರಿಕೆಯಿಂದ ತಲೆಯೆತ್ತದೆ, ಆ ಜನ ಗಂಡಸು ಡಾಕ್ಟರಿಗೆ ಮೈ ತೋರಿಸುವುದಿಲ್ಲ, ಅಯೊಡಿನ್ ಕೊಟ್ಟು ಕಳಿಸು ಎಂದರು.

ಬೀಬಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಒಳಗೆ ಬಂದಳು.

"ನಾನು ತೋರಿಸ್ತೀನಿ ಸಾಮಿ. ಜೀವದ್ ಮುಂದೆ ನಾಚ್ಕೆ ಎಂಥದ್ದು? ನೋಡಿ ಹೇಳಿ" ಎಂದು ಸೆರಗು ಸರಿಸಿದಳು.

ಡಾಕ್ಟರು ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಮೂಗಿಗೆ ಕರವಸ್ತ್ರ ಹೋಯಿತು. ಆಕೆಯ ಬಟ್ಟೆಯಲ್ಲಿ ಹುಳುವಿನ ವಾಸನೆ ಇತ್ತು, ನಿಜ. "ಮುಚ್ಕೊಳಮ್ಮ, ಮುಚ್ಕೊ. ಕುರು ಅದು, ಒಡೆದು ಹೋಗುತ್ತೆ" ಎಂದರು. ರೂಲರನ್ನು ಕೂಡ ಅವರು ಎತ್ತಲಿಲ್ಲ.

ನಾನು ನೋಡಿದೆ. ಒಂದು ಗಳಿಗೆ ಅಷ್ಟೇ. ಮೊಲೆಯ ತೊಟ್ಟು ಒಳಕ್ಕೆ ಎಳೆದುಕೊಂಡಿತ್ತು. ಅದರ ಪಕ್ಕದ ಚರ್ಮ ಕಿತ್ತಳೆಯ ಸಿಪ್ಪೆಯ ಹಾಗೆ ಗುಳಿಗುಳಿಯಾಗಿತ್ತು. ಕೆಲಸ ಕಲಿಯಲೆಂದು ಮೈಸೂರಿನಲ್ಲಿ ಎರಡು ವರ್ಷವಿದ್ದಾಗ ಇಂಥದೇ ಒಂದನ್ನು ಕಂಡಿದ್ದೆ. ಅಲ್ಲಿನ ಸರ್ಜನ್ನರು ಕತ್ತರಿಸಿ ತೆಗೆದಿದ್ದರು. ಉಪಕರಣಗಳನ್ನು ತೊಳೆದವನು ನಾನು. ಅವರು ಕ್ಯಾನ್ಸರ್ ಎಂಬ ಮಾತು ಹೇಳಿ, ಬೇಗ ಬಂದದ್ದಕ್ಕೆ ಈಕೆ ಬದುಕಿದಳು ಎಂದದ್ದು ನನ್ನ ಕಿವಿಯಲ್ಲೇ ಇತ್ತು.

ನಾನು ಏನೂ ಹೇಳಲಿಲ್ಲ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಡಾಕ್ಟರು ಬರೆಯುವ ಒಂದು ಸಾಲಿನ ಮೇಲೆ ಅದು ನಿಂತಿತ್ತು. ಸಣ್ಣ ಸೀಸೆಗೆ ಅಯೊಡಿನ್ ತುಂಬಿದೆ, ಬಿರಡೆ ಹಾಕಿದೆ, ದಿನಕ್ಕೆ ಎರಡು ಸಲ ಹಚ್ಚಿ ಎಂದೆ. ಆಕೆ ನನ್ನ ಮುಖವನ್ನೇ ನೋಡುತ್ತ ಸೀಸೆ ತೆಗೆದುಕೊಂಡಳು.

ಆಮೇಲಿನ ಐದಾರು ತಿಂಗಳು ನೆನಪಿನಲ್ಲಿ ಒಂದರೊಳಗೊಂದು ಸೇರಿಹೋಗಿವೆ... ಅಯೊಡಿನ್ ಆಯಿತು, ಅಗಸೆ ಹಿಟ್ಟಿನ ಪಟ್ಟಿಯಾಯಿತು, ಕೆಂಪು ಔಷಧಿಯಾಯಿತು. ಬಂದಾಗಲೆಲ್ಲ ಡಾಕ್ಟರು ಕುಳಿತಲ್ಲಿಂದಲೇ, ಇನ್ನೂ ಒಡೆದಿಲ್ಲವೇ ಎಂದು ಕೇಳುವರು. ಆಕೆ ಇಲ್ಲ ಎನ್ನುವಳು. ಮತ್ತೆ ಅದೇ ಔಷಧಿ. ಒಂದು ದಿನ ಧೈರ್ಯ ಮಾಡಿ, ಬೆಂಗಳೂರಿಗೆ ಕಳಿಸಬಹುದೇನೋ ಸಾರ್ ಎಂದೆ. ಕಾಂಪೌಂಡರುಗಳು ಸೀಸೆ ತೊಳೆದುಕೊಂಡಿದ್ದರೆ ಒಳ್ಳೆಯದು ಎಂದರು. ನಾನು ಸೀಸೆ ತೊಳೆಯಲು ಹೋದೆ.

ನಮ್ಮಿಂದ ಏನೂ ಆಗದೆ ಇದ್ದಾಗ ಆಕೆ ಸೋಲೂರಿನ ಕಡೆಯಿಂದ ಬರುತ್ತಿದ್ದ ಒಬ್ಬ ನಾಟಿ ವೈದ್ಯನ ಹತ್ತಿರ ಕರಿ ಲೇಪ ಹಾಕಿಸಿಕೊಂಡಳು. ಗಂಟನ್ನು ಬೇರುಸಹಿತ ಕಿತ್ತು ತೆಗೆಯುವ ಲೇಪವೆಂದು ಅವನು ಹೇಳಿದ್ದನಂತೆ. ಅದು ಚರ್ಮವನ್ನು ಸುಟ್ಟು ಗಂಟಿನ ಬಾಯಿ ತೆರೆಸಿತು. ಆಮೇಲೆ ಬೀಬಮ್ಮ ಡಿಸ್ಪೆನ್ಸರಿಗೆ ಬರುವುದನ್ನು ನಿಲ್ಲಿಸಿದಳು. ಚರಕ ಮಾತ್ರ ನಿಲ್ಲಲಿಲ್ಲ. ಓಣಿಯ ತುಂಬ ಹುಳುವಿನ ನಾತ ಇದ್ದುದರಿಂದ ಆಕೆಯ ಹುಣ್ಣಿನ ನಾತ ಯಾರಿಗೂ ಬೇರೆಯಾಗಿ ತಿಳಿಯಲಿಲ್ಲ. ಎಡಗೈಯನ್ನು ಎದೆಗೆ ಒತ್ತಿಕೊಂಡು ಬಲಗೈಯಿಂದ ಎಳೆ ಹುಡುಕುವುದನ್ನು ನಾನು ಬೇಲಿಯಾಚೆಯಿಂದ ಕಂಡಿದ್ದೆ. ಕಂಡು ಬೇರೆ ದಾರಿಯಲ್ಲಿ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಆಕೆಯೇ ಬೇಲಿಯ ಹತ್ತಿರ ಕರೆದಳು. ಮುಖ ಬತ್ತಿಹೋಗಿತ್ತು.

"ಬೇಟಾ, ಮೊದಲ್ನೇ ದಿವ್ಸ ಸೆರಗು ಸರಿಸ್ದಾಗ ಡಾಕ್ಟ್ರು ನೋಡ್ನಿಲ್ಲ. ನೀನು ನೋಡ್ದೆ. ನಿನ್ ಮಖ ನಾನು ನೋಡ್ದೆ. ನಿಂಗೆ ಗೊತ್ತೈತೆ ಅದೇನೂಂತ. ಈಗ್ಲಾದ್ರೂ ಹೇಳು."

ಹೇಳಿದೆ. ಕತ್ತರಿಸಿ ತೆಗೆಯಬೇಕಿತ್ತು, ಬೆಂಗಳೂರಿನಲ್ಲಿ ಅದಕ್ಕೆ ಸರ್ಜನ್ನರಿದ್ದಾರೆ ಎಂದೆ. ತಲೆಯೆತ್ತದೆ ಹೇಳಿದೆ.

"ಅವತ್ತೇ ಯಾಕೆ ಹೇಳ್ನಿಲ್ಲ?"

ನಾನು ಬೇಲಿಯ ಕಡ್ಡಿಯೊಂದನ್ನು ಮುರಿಯುತ್ತ ನಿಂತೆ. ಆಮೇಲೆ ಆಕೆಯೇ, ಹಾಗಾದರೆ ಬೆಂಗಳೂರಿಗೆ ಹೋಗೋಣ, ನೀನು ಬಾ, ಆ ದೊಡ್ಡಾಸ್ಪತ್ರೆಯಲ್ಲಿ ನನಗೆ ಮಾತಾಡಲು ಬರುವುದಿಲ್ಲ ಎಂದಳು.

ದೊಡ್ಡಾಸ್ಪತ್ರೆಗೆ ಡಾಕ್ಟರಿಂದ ಒಂದು ಕಾಗದ ಬೇಕಿತ್ತು. ಕೇಳಿದೆ. ಡಾಕ್ಟರು ಬಾಗಿಲು ಹಾಕಿಸಿ ಮೆಲ್ಲಗೆ ಮಾತಾಡಿದರು. "ಬರೆದುಕೊಡ್ತೀನಯ್ಯ. ಅಲ್ಲಿನ ಸರ್ಜನ್ನು ಇಷ್ಟು ತಿಂಗಳು ನೀನು ಏನು ಮಾಡ್ತಿದ್ದೆ ಅಂತ ಕೇಳ್ತಾನೆ. ಅದಕ್ಕೆ ಏನು ಬರೀಲಿ? ನೀನೇ ಹೇಳು." ಅಷ್ಟು ಹೇಳಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಆ ಮನುಷ್ಯನಿಗೆ ರೋಗ ಯಾವುದೆಂದು ಗೊತ್ತಿತ್ತು. ಯಾವಾಗಿನಿಂದ ಗೊತ್ತಿತ್ತೋ ಹೇಳಲಾರೆ. ಕಾಗದ ಬರೆಯದೆ ಇದ್ದರೆ ಆಕೆ ಇಲ್ಲೇ ಸಾಯುತ್ತಾಳೆ, ಸತ್ತರೆ ಯಾರೂ ಏನೂ ಕೇಳುವುದಿಲ್ಲ ಎಂದು ಅವರು ಲೆಕ್ಕ ಹಾಕಿದ್ದು ಅವರ ಕಣ್ಣಿನಲ್ಲೇ ಕಾಣುತ್ತಿತ್ತು. ನನಗೆ ಆಗ ಬಂದ ಹೇಸಿಗೆ ಯಾವ ಹುಣ್ಣನ್ನು ನೋಡಿಯೂ ಬಂದದ್ದಲ್ಲ. ಊಟಕ್ಕೆ ಅವರು ಮನೆಗೆ ಹೋದಾಗ ನಾನೇ ಕಾಗದ ಬರೆದು, ಡಿಸ್ಪೆನ್ಸರಿಯ ಮೊಹರು ಒತ್ತಿಕೊಂಡೆ. ನನ್ನ ಜನ್ಮದಲ್ಲಿ ಧೈರ್ಯವೆಂದು ನಾನು ಮಾಡಿದ ಕೆಲಸ ಅದೊಂದೇ. ಅದೂ ಆರೇಳು ತಿಂಗಳು ತಡವಾಗಿ.

ಚನ್ನಪಟ್ಟಣದಿಂದ ಮಗಳು ಬಂದಳು. ಮಾಗಡಿಗೆ ಗಾಡಿಯಲ್ಲಿ ಹೋಗಿ, ಅಲ್ಲಿಂದ ಬೆಂಗಳೂರಿನ ಮೋಟಾರು ಹತ್ತುವುದೆಂದು ನಮ್ಮ ಯೋಚನೆ. ಹತ್ತಿಕೊಂಡೂ ಆಗಿತ್ತು. ಮೋಟಾರು ಹೊರಡುವ ಮೊದಲೇ ಜನ ಗೊಣಗತೊಡಗಿದರು. ಒಬ್ಬರು ಸೀಟು ಬಿಟ್ಟೆದ್ದರು, ಇನ್ನೊಬ್ಬರು ಕಿಟಕಿಯಿಂದ ಹೊರಗೆ ಉಗುಳಿದರು. ಏಜೆಂಟನು ಬಂದು ಇಳಿಯಿರಿ ಎಂದ. ನಾನು ಸರ್ಕಾರಿ ನೌಕರ ಎಂದೆ. ನೀವು ಬೇಕಾದರೆ ಬನ್ನಿ, ಆ ಯಮ್ಮ ಬೇಡ ಎಂದ. ಬೀಬಮ್ಮ ಇಳಿದಳು. ಇಳಿಯುವಾಗ ಯಾರೂ ಕೈ ಕೊಡಲಿಲ್ಲ. ದಾರಿ ಮಾತ್ರ ಬಹಳ ಅಗಲವಾಗಿ ಬಿಟ್ಟರು.

ನಮ್ಮನ್ನು ಅಲ್ಲಿಯವರೆಗೆ ಕರೆತಂದಿದ್ದ ಗಾಡಿಯವನು ಗುಡೇಮಾರನಹಳ್ಳಿಯ ರೈತ. ಆಕೆಗೆ ಗೂಡು ಕೊಡುತ್ತಿದ್ದವನು, ಆಕೆಯಿಂದ ಎಷ್ಟೋ ಸಲ ಬೈಸಿಕೊಂಡವನು. ಅವನು ಎತ್ತು ಬಿಚ್ಚದೆ ಇದನ್ನೆಲ್ಲ ನೋಡುತ್ತಿದ್ದ.

"ಅತ್ಕೊಳಮ್ಮ" ಎಂದ. "ನನ್ ಎತ್ಗೊಳು ಯಾವತ್ತೂ ಮೂಗ್ ಮುಚ್ಕೊಂಡಿಲ್ಲ. ನಾಳೀಕ್ ಬೆಂಗ್ಳೂರು ಸೇರುಸ್ತೀನಿ."

ಮಾರನೆಯ ದಿನ ಸೇರಿಸಿದ. ದಾರಿಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಆಕೆ ಹಲ್ಲು ಕಚ್ಚುತ್ತಿದ್ದುದು, ಮಗಳು ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೊಣ ಓಡಿಸುತ್ತಿದ್ದುದು... ಅದರ ಹೊರತು ಆ ದಾರಿಯ ನೆನಪು ನನಗೆ ಹೆಚ್ಚಿಲ್ಲ.

ದೊಡ್ಡಾಸ್ಪತ್ರೆಯ ಸರ್ಜನ್ನರು ವಯಸ್ಸಾದವರು. ಪಟ್ಟಿ ಬಿಚ್ಚಿಸಿದರು. ಮುಖ ಸಿಂಡರಿಸಲಿಲ್ಲ. ಎದೆಯ ಮೇಲೆ, ಕಂಕುಳಲ್ಲಿ, ಕತ್ತಿನ ಬುಡದಲ್ಲಿ ಬೆರಳಿಟ್ಟು ನಿಧಾನವಾಗಿ ಒತ್ತಿ ನೋಡಿದರು. ಗಂಟು ಕಾಣಿಸಿಕೊಂಡ ಮೇಲೆ ಒಬ್ಬ ಡಾಕ್ಟರು ಆಕೆಯ ಮೈಮೇಲೆ ಕೈಯಿಟ್ಟದ್ದು ಅದೇ ಮೊದಲು. ಆಕೆ ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು, ಇದು ಕಂಕುಳಿಗೂ ಮೂಳೆಗೂ ಇಳಿದಿದೆ, ಕತ್ತಿ ಹಾಕಿ ಪ್ರಯೋಜನವಿಲ್ಲ, ಶುರುವಿನಲ್ಲಿ ತಂದಿದ್ದರೆ ತೆಗೆದುಬಿಡುತ್ತಿದ್ದೆ ಎಂದರು. ಇಷ್ಟು ದಿನ ಎಲ್ಲಿದ್ದಿರಿ ಎಂದು ಆಕೆಯನ್ನೇ ಕೇಳಿದರು.

"ಮನೆ ಮುಂದೇನೇ ಆಸ್ಪತ್ರೆ ಐತೆ ಸಾಮಿ" ಎಂದಳು ಬೀಬಮ್ಮ. "ಕರೆದಾಗೆಲ್ಲ ಹೋದೆ. ಯಾರೂ ಮುಟ್ಟಿ ನೋಡ್ನಿಲ್ಲ."

ನನ್ನ ಕಡೆ ಆಕೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ನೋವಿಗೆ ಔಷಧಿ ಕೊಟ್ಟು, ಹುಣ್ಣು ತೊಳೆದು ಕಟ್ಟುವ ಬಗೆಯನ್ನು ನನಗೆ ಹೇಳಿಕೊಟ್ಟು ಕಳಿಸಿದರು. ಊರಿಗೆ ಬಂದ ಮೇಲೆ ದಿನವೂ ಡಿಸ್ಪೆನ್ಸರಿ ಮುಗಿಸಿ ಹೋಗಿ ಕಟ್ಟುತ್ತಿದ್ದೆ. ನಾನು ಬರೆದ ಕಾಗದದ ಮಾತನ್ನು ಡಾಕ್ಟರು ಎತ್ತಲಿಲ್ಲ, ಎತ್ತಿದರೆ ಅವರ ಲೆಕ್ಕವೂ ಹೊರಬರುತ್ತಿತ್ತು. ಮೊದಲನೆಯ ದಿನ ಪಟ್ಟಿ ಬಿಚ್ಚಿದಾಗ ಒಳಗೆ ಹುಳುಗಳಿದ್ದವು. ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿದೆ. ತಿರುಗಿ ಬರಲು ನಾಚಿಕೆಯಾಗಿ ಗೋಡೆಯ ಮರೆಯಲ್ಲಿ ನಿಂತಿದ್ದೆ. ಒಳಗಿನಿಂದ ಆಕೆಯ ದನಿ ಬಂತು.

"ಕಕ್ಕೊಂಡ್ಯಾ? ಈಗ ಬಾ, ಕಟ್ಟು. ನಾನೂ ಮೊದಲ್ನೇ ಸಲ ಗೂಡು ಬೇಯ್ಸಿದ್ ದಿವ್ಸ ಅನ್ನ ಉಂಡಿರ್ನಿಲ್ಲ. ಆಮೇಲೆ ಕೈ ತಾನಾಗೇ ಕಲ್ತ್ಕತದೆ." ಮತ್ತೆ, "ನಾನು ಬೇಯ್ಸಿದ್ ಹುಳ ಎಲ್ಲಾ ಈಗ ನನ್ನ ಕೇಳಕ್ ಬಂದವೆ" ಎಂದು ನಕ್ಕಳು.

ಟರ್ಪಂಟೈನ್ ಹಾಕಿ ಒಂದೊಂದನ್ನೇ ಚಿಮಟದಿಂದ ತೆಗೆದೆ. ಆಕೆ ಹೇಳಿದಂತೆಯೇ ಆಯಿತು. ನಾಲ್ಕನೆಯ ದಿನಕ್ಕೆ ಕೈ ಕಲಿತಿತ್ತು. ಇಷ್ಟು ಸುಲಭವಾಗಿ ಕಲಿಯಬಹುದಾದದ್ದನ್ನು ಆ ಡಾಕ್ಟರು ಅಷ್ಟು ವರ್ಷ ಕೆಲಸ ಮಾಡಿಯೂ ಕಲಿತಿರಲಿಲ್ಲ.

ಚರಕ ನಿಂತ ಮೇಲೆ ಆಕೆಯ ಮನೆಯ ಮುಂದೆ ಹುಳುವಿನ ವಾಸನೆ ಕಡಿಮೆಯಾಯಿತು. ಅದು ಕಡಿಮೆಯಾದದ್ದೇ ಹುಣ್ಣಿನ ವಾಸನೆ ಎದ್ದು ಬಂತು. ವರ್ಷಗಟ್ಟಲೆ ಸತ್ತ ಹುಳುಗಳ ರಾಶಿಯ ಪಕ್ಕದಲ್ಲೇ ಕುಳಿತು ರೊಟ್ಟಿ ತಿಂದವರಿಗೆ ಈಗ ಇದು ಸಹಿಸಲಾಗದ ನಾತವಾಯಿತು. ಓಣಿಯವರು, ಪಕ್ಕದ ಬೀದಿಯವರು ಸೇರಿ ಡಾಕ್ಟರಿಗೆ ಅರ್ಜಿ ಕೊಟ್ಟರು. ಬೇರೆ ಯಾವುದಕ್ಕೂ ಒಂದೆಡೆ ಕೂರದ ಜಾತಿಗಳವರೆಲ್ಲ ಆ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ್ದರು. ಗೂಡು ತಂದಾಗ ಆಕೆಯ ಮನೆಯ ನೀರು ಕುಡಿದ ರೈತರೂ ಅದರಲ್ಲಿದ್ದರು.

ಆಗ ಡಾಕ್ಟರು ಮೊದಲ ಬಾರಿಗೆ ಆಕೆಯ ಮನೆಗೆ ಬಂದರು. ಹೊಸ್ತಿಲಿಗೆ ಹತ್ತು ಅಡಿ ದೂರದಲ್ಲಿ, ಮೂಗಿಗೆ ಅತ್ತರಿನ ಕರವಸ್ತ್ರ ಒತ್ತಿಕೊಂಡು ನಿಂತು, ಊರಿನ ಆರೋಗ್ಯಕ್ಕೆ ಇದು ಕೆಡುಕು, ಎರಡು ದಿನದೊಳಗೆ ಕೆರೆಯಾಚೆಯ ಹಿಪ್ಪುನೇರಳೆ ತೋಟದ ಗುಡಿಸಲಿಗೆ ಸಾಗಿಸಬೇಕು ಎಂದು ಹುಕುಂ ಮಾಡಿದರು. ಅಷ್ಟು ತಿಂಗಳು ಕುರ್ಚಿ ಬಿಟ್ಟು ಏಳದ ಮನುಷ್ಯ ಅಂದು ಸರಸರನೆ ನಡೆದು ಬಂದಿದ್ದರು. ಒಳಗಿನಿಂದ ಬೀಬಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಮಗಳು ಜಗಳಕ್ಕೆ ಎದ್ದಾಗ ತಡೆದು, ಅಲ್ಲಿ ಗಾಳಿಯಾದರೂ ಚೆನ್ನಾಗಿರುತ್ತದೆ ಎಂದಳು. ಸಾಗಿಸಲು ಆ ಗುಡೇಮಾರನಹಳ್ಳಿಯವನೇ ಗಾಡಿ ತಂದ.

ಗುಡಿಸಲಿನಲ್ಲಿ ಹದಿನೆಂಟು ದಿನವಿದ್ದಳು. ಐವತ್ತು ತುಂಬಿರಲಿಲ್ಲ. ಸತ್ತಾಗ ಮೈ ತೊಳೆಯಲು ಓಣಿಯ ಹೆಂಗಸರು ಬರಲಿಲ್ಲ. ಮಗಳೊಬ್ಬಳೇ ತೊಳೆದಳು. ನಾನು ಕೆರೆಯಿಂದ ನೀರು ತಂದು ಬಾಗಿಲ ಹೊರಗಿಡುತ್ತಿದ್ದೆ, ಅವಳು ಒಳಗೆ ತೆಗೆದುಕೊಳ್ಳುತ್ತಿದ್ದಳು.

ಸತ್ತವರ ಪಟ್ಟಿಯಲ್ಲಿ ಕಾರಣ ಬರೆಯಬೇಕಿತ್ತು. ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ ಎಲ್ಲಕ್ಕೂ ಒಂದೊಂದು ಅಂಕಣವಿತ್ತು. ಆಕೆಯದಕ್ಕೆ ಇರಲಿಲ್ಲ. ಇತರೆ ಎಂಬ ಅಂಕಣದಲ್ಲಿ ಒಂದು ಗೆರೆ ಹಾಕು ಎಂದರು ಡಾಕ್ಟರು. ಹಾಕಿದೆ. ಮುಂದಿನ ವರ್ಷ ಅವರಿಗೆ ಬಡ್ತಿಯಾಗಿ ಕಾನಕಾನಹಳ್ಳಿಯ ಕಡೆಗೆ ವರ್ಗವಾಯಿತು. ಜಗಲಿಯ ಮೇಲೆ ಸನ್ಮಾನ ನಡೆಯಿತು. ದೀನದಲಿತರ ಬಂಧು ಎಂದು ಒಬ್ಬರು ಭಾಷಣ ಮಾಡಿದರು. ಹಾರದ ತಟ್ಟೆ ಹಿಡಿದು ನಿಂತವನು ನಾನು. ನನ್ನ ನೌಕರಿಯೂ ಅಷ್ಟರಲ್ಲಿ ಕಾಯಂ ಆಗಿತ್ತು... ಇದನ್ನು ಬರೆಯುವಾಗ ನನ್ನ ಕೈಯ ಮೇಲೆ ನನಗೇ ಅಸಹ್ಯವಾಗುತ್ತದೆ.

ಬಹಳ ವರ್ಷಗಳಾದ ಮೇಲೆ, ನನಗೆ ಮಕ್ಕಳಾಗಿ ಅವು ದೊಡ್ಡವೂ ಆದ ಮೇಲೆ, ಒಮ್ಮೆ ಚನ್ನಪಟ್ಟಣಕ್ಕೆ ಹೋಗಿ ಮಗಳ ಮನೆ ಹುಡುಕಿದೆ. ಅವಳು ಅಂಗಳದಲ್ಲಿ ಕುಳಿತು ಬೊಂಬೆಗಳಿಗೆ ಅರಗಿನ ಬಣ್ಣ ಉಜ್ಜುತ್ತಿದ್ದಳು. ಗುರುತು ಹಿಡಿದಳು. ಕೂರಲು ಮಣೆ ಕೊಟ್ಟಳು. ಆವರೆಗೆ ಯಾರಿಗೂ ಹೇಳದಿದ್ದದ್ದನ್ನು ಹೇಳಿದೆ. ಮೊದಲ ದಿನವೇ ನನಗೆ ರೋಗ ಗೊತ್ತಾಗಿತ್ತು, ನೌಕರಿಯ ಭಯಕ್ಕೆ ಬಾಯಿ ಮುಚ್ಚಿಕೊಂಡೆ, ನಾನು ಅಂದು ಮಾತಾಡಿದ್ದರೆ ನಿನ್ನ ತಾಯಿ ಬದುಕುತ್ತಿದ್ದಳು ಎಂದೆ.

ಅವಳ ಕೈ ನಿಲ್ಲಲಿಲ್ಲ.

"ಅಮ್ಮ ಹೇಳಿದ್ಲು" ಎಂದಳು. "ಗುಡಿಸ್ಲಾಗಿದ್ದಾಗ್ಲೇ ಹೇಳಿದ್ಲು. ಯಾವತ್ತಾದ್ರೂ ಅವ್ನು ನಿನ್ನತ್ರ ಬತ್ತಾನೆ, ಬಂದು ಇದನ್ನೇ ಹೇಳ್ತಾನೆ. ಬಯ್ಬ್ಯಾಡ. ಬೈಸ್ಕೊಂಡ್ರೆ ಅವ್ನಿಗೆ ಹಗುರಾಗ್ಬುಡ್ತದೆ."

ಅವಳು ಟೀ ಮಾಡಿ ಕೊಟ್ಟಳು. ಕುಡಿದೆ. ಬರುವಾಗ ಬಾಗಿಲವರೆಗೆ ಬಂದು ಕಳಿಸಿದಳು. ಒಂದು ಕೆಟ್ಟ ಮಾತನ್ನೂ ಆಡಲಿಲ್ಲ.

ಆ ಮಗಳು ತೀರಿಕೊಂಡು ಈಗ ಆರು ವರ್ಷ. ಡಾಕ್ಟರು ಅದಕ್ಕೂ ಬಹಳ ಮೊದಲೇ ಹೋದರು. ಹೋದ ತಿಂಗಳ ಮದುವೆಯಲ್ಲಿ ನನ್ನನ್ನು ಹಿರಿಯನೆಂದು ಮುಂದಿನ ಸಾಲಿನಲ್ಲಿ ಕೂರಿಸಿದರು, ಮಕ್ಕಳು ಸಾಲಾಗಿ ಬಂದು ಕಾಲು ಮುಟ್ಟಿದರು. ಊರಿನ ಆಸ್ಪತ್ರೆಯಲ್ಲಿ ಬಡವರ ಸೇವೆ ಮಾಡಿದವರು ಎಂದು ಬೀಗರಿಗೆ ಪರಿಚಯಿಸಿದರು. ನಾನು ಕೈಮುಗಿದೆ. ಅಲ್ಲ ಎಂದು ಹೇಳಬಲ್ಲವರು ಯಾರೂ ಆ ಛತ್ರದಲ್ಲಿ ಇರಲಿಲ್ಲ. ಈಗ ಎಲ್ಲಿಯೂ ಇಲ್ಲ.